ಅಪ್ಪ ಅಮ್ಮನನ್ನು ಅಮೆರಿಕದ ಎಂಬಿಎ ಘಟಿಕೋತ್ಸವಕ್ಕೆ ಕರೆಸಿಕೊಳ್ಳುವವರಿಗೆ

ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಎಂಬಿಎ ಮುಗಿಸಿದವರಿಗೆ ಎರಡು ಘಟಿಕೋತ್ಸವ ಇರುತ್ತವೆ. ಇಡೀ ವಿಶ್ವವಿದ್ಯಾಲಯದ್ದು ಒಂದು, ಬಿಸಿನೆಸ್ ಸ್ಕೂಲಿನದ್ದು ಇನ್ನೊಂದು. ದೊಡ್ಡದರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರು ಒಂದೊಂದೇ ಸ್ಕೂಲಿನವರನ್ನು ಎದ್ದು ನಿಲ್ಲಿಸಿ, ಎಲ್ಲರಿಗೂ ಒಟ್ಟಿಗೇ ಪದವಿ ಘೋಷಿಸಿ ಕೂರಿಸುತ್ತಾರೆ. ಒಬ್ಬೊಬ್ಬರ ಹೆಸರು ಕೂಗಿ, ವೇದಿಕೆ ಹತ್ತಿಸಿ, ಡೀನ್ ಕೈ ಕುಲುಕುವುದು ಸ್ಕೂಲಿನ ಸಮಾರಂಭದಲ್ಲಿ. ಊರಿಂದ ಬರುವವರು ನೋಡಬೇಕಾದದ್ದು ಇದನ್ನೇ. ಆದರೆ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಮೊದಲು ಕಣ್ಣಿಗೆ ಬೀಳುವುದು ದೊಡ್ಡ ಸಮಾರಂಭದ ದಿನಾಂಕ. ಅದನ್ನು ನಂಬಿ ವಿಮಾನದ ಟಿಕೆಟ್ ಮಾಡಿಸಿದರೆ, ಸ್ಕೂಲಿನ ಸಮಾರಂಭ ಅದಕ್ಕೂ ಒಂದೆರಡು ದಿನ ಮೊದಲೇ ಇದೆ ಎಂದು ಆಮೇಲೆ ಗೊತ್ತಾಗುವ ಸಾಧ್ಯತೆ ಇದೆ. ಹಾಗಾಗಿ ಸ್ಕೂಲಿನ ದಿನಾಂಕ ಖಚಿತವಾಗುವವರೆಗೆ ಯಾವುದನ್ನೂ ಅಂತಿಮ ಮಾಡಬೇಡಿ.

ಹಾರ್ವರ್ಡಿನಲ್ಲಿ ಎರಡೂ ಒಂದೇ ದಿನ, ಮೇ ಕೊನೆಯ ಒಂದು ಗುರುವಾರ. ಬೆಳಗ್ಗೆ ಹಾರ್ವರ್ಡ್ ಯಾರ್ಡಿನ ಬಯಲಿನಲ್ಲಿ, ಮಿಡ್ಲ್‌ಸೆಕ್ಸ್ ಕೌಂಟಿಯ ಶೆರಿಫ್ ದಂಡ ಕುಟ್ಟಿ ಸಭೆ ಆರಂಭಿಸುವುದರಿಂದ ಹಿಡಿದು, ಎಲ್ಲ ಸ್ಕೂಲುಗಳಿಗೂ ಪದವಿ ಘೋಷಣೆಯಾಗುತ್ತದೆ. ಅದು ಮುಗಿದ ಮೇಲೆ ಬಿಸಿನೆಸ್ ಸ್ಕೂಲಿನವರು ಚಾರ್ಲ್ಸ್ ನದಿ ದಾಟಿ ತಮ್ಮ ಆವರಣಕ್ಕೆ ಬರುತ್ತಾರೆ. ಹೆಸರು ಕರೆದು ಪದವಿಪತ್ರ ಕೊಡುವುದು ಅಲ್ಲಿ, ಮಧ್ಯಾಹ್ನ. ಆ ವೇಳೆಗೆ ರಸ್ತೆಗಳು ಬಂದಾಗಿರುತ್ತವೆ, ಟ್ಯಾಕ್ಸಿ ಸಿಗುವುದು ಕಷ್ಟ, ಸೇತುವೆಯ ಮೇಲೆ ನಡೆದೇ ಹೋಗಬೇಕಾಗುತ್ತದೆ. ಮಿಷಿಗನ್ನಿನಲ್ಲಿ ವಸಂತದ ದೊಡ್ಡ ಸಮಾರಂಭ ನಡೆಯುವುದು ಫುಟ್ಬಾಲ್ ಸ್ಟೇಡಿಯಮ್ಮಿನಲ್ಲಿ. ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಮೇಲಿನ ಸಾಲಿನಲ್ಲಿ ಕೂತವರಿಗೆ ಕಾಣುವುದು ಕರಿಗೌನುಗಳ ಒಂದು ರಾಶಿ, ಅಷ್ಟೇ.

ವಯಸ್ಸಾದ ತಂದೆ ತಾಯಿಯನ್ನು ಎರಡಕ್ಕೂ ಕರೆದೊಯ್ಯುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಶಕ್ತಿಯನ್ನು ಸ್ಕೂಲಿನ ಸಮಾರಂಭಕ್ಕೆ ಉಳಿಸಿ, ದೊಡ್ಡದನ್ನು ಮನೆಯಲ್ಲೇ ಕೂತು ಲೈವ್‌ನಲ್ಲಿ ನೋಡಲಿ. ಸಮಾರಂಭಕ್ಕೆ ಕನಿಷ್ಠ ಐದು ದಿನ ಮೊದಲೇ ಅವರು ಬಂದು ತಲುಪಿರಬೇಕು. ಮೇ ತಿಂಗಳಿನಲ್ಲಿ ಬಾಸ್ಟನ್, ನ್ಯೂಯಾರ್ಕ್ ಕಡೆಯ ಮಧ್ಯಾಹ್ನ 2 ಗಂಟೆ ಎಂದರೆ ನಮ್ಮ ರಾತ್ರಿ 11.30. ಮೊನ್ನೆ ಇಳಿದವರು ಹೆಸರು ಕೂಗುವ ಹೊತ್ತಿಗೆ ಸರಿಯಾಗಿ ತೂಕಡಿಸುತ್ತಾರೆ. ಇದು ಗಡಿಯಾರದ ಲೆಕ್ಕ, ಇಚ್ಛಾಶಕ್ತಿಯಿಂದ ಗೆಲ್ಲುವಂಥದ್ದಲ್ಲ.

ಇನ್ನೊಂದು ವ್ಯತ್ಯಾಸವನ್ನು ಓದುತ್ತಿರುವವರೇ ತಿಳಿದಿರಬೇಕು. ವೇದಿಕೆಯ ಮೇಲೆ ನಡೆಯುವುದು ಬೇರೆ, ಪದವಿ ದೊರೆಯುವುದು ಬೇರೆ. ಸಮಾರಂಭದ ದಿನ ಹಲವು ಕಡೆ ಕೊನೆಯ ಟರ್ಮಿನ ಗ್ರೇಡುಗಳು ಪೂರ್ತಿ ಬಂದಿರುವುದಿಲ್ಲ. ಬಹಳಷ್ಟು ಕಡೆ ಡೀನ್ ಕೈಗಿಡುವ ಚಂದದ ಫೋಲ್ಡರ್ ಖಾಲಿ ಇರುತ್ತದೆ. ಊರಿನವರಿಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಫೋಲ್ಡರ್ ತೆರೆದು ನೋಡಿ ಗಾಬರಿಯಾಗುತ್ತಾರೆ. ರಿಜಿಸ್ಟ್ರಾರ್ ಕಚೇರಿ ಕ್ರೆಡಿಟ್‌ಗಳನ್ನೆಲ್ಲ ತಾಳೆ ನೋಡಿ ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಅಧಿಕೃತ ಅಂಕಪಟ್ಟಿಯಲ್ಲಿ, ಪದವಿ ನಮೂದಿಸಿದಾಗಲೇ ಅದು ನಿಮ್ಮದು. ಅದಕ್ಕಾಗಿ ‘ಪದವಿಗೆ ಅರ್ಜಿ’ ಎಂಬ ಪ್ರತ್ಯೇಕ ಅರ್ಜಿಯನ್ನು ಕೊನೆಯ ಟರ್ಮಿನ ಆರಂಭದಲ್ಲೇ ಹಾಕಬೇಕು. ಗಡುವು ತಪ್ಪಿದರೆ ಮುದ್ರಿತ ಪುಸ್ತಿಕೆಯಲ್ಲಿ ಹೆಸರು ಬರುವುದಿಲ್ಲ. ಹೆಸರು ಬಾರದಿರಲು ಮತ್ತೊಂದು ಕಾರಣವೂ ಉಂಟು. 1974ರ ‘ಫೆರ್ಪಾ’ ಎಂಬ ಖಾಸಗಿತನದ ಕಾಯ್ದೆಯ ಪ್ರಕಾರ ವಿದ್ಯಾರ್ಥಿ ತನ್ನ ವಿವರಗಳನ್ನು ಗೋಪ್ಯವಾಗಿಡಲು ಕೋರಬಹುದು. ಮೊದಲ ವರ್ಷ ಯಾವಾಗಲೋ ಆ ಗುರುತು ಹಾಕಿ ಮರೆತಿದ್ದರೆ, ಎರಡು ವರ್ಷದ ನಂತರ ಪುಸ್ತಿಕೆಯಲ್ಲಿ ನಿಮ್ಮ ಹೆಸರಿನ ಜಾಗ ಇರುವುದೇ ಇಲ್ಲ. ಈಗಲೇ ಪೋರ್ಟಲ್ ತೆರೆದು ನೋಡಿ.

ವೀಸಾದ ವಿಷಯ ಚಿಕ್ಕದಾಗಿ. ತಂದೆ ತಾಯಿಗೆ ಬೇಕಾದದ್ದು ಪ್ರವಾಸಿ ವೀಸಾ, ಅರ್ಜಿ ಡಿಎಸ್-160. ಕರ್ನಾಟಕದವರು ಸಾಮಾನ್ಯವಾಗಿ ಚೆನ್ನೈ ಅಥವಾ ಹೈದರಾಬಾದಿಗೆ ಸಂದರ್ಶನಕ್ಕೆ ಹೋಗುತ್ತಾರೆ. ಕಾಯುವ ಅವಧಿ ಕೆಲವೊಮ್ಮೆ ಹಲವು ತಿಂಗಳು ಇರುವುದರಿಂದ ಓದಿನ ಎರಡನೇ ವರ್ಷ ಶುರುವಾಗುತ್ತಲೇ ಅರ್ಜಿ ಹಾಕುವುದು ಒಳ್ಳೆಯದು. ಸ್ಕೂಲು ಕೊಡುವ ಆಮಂತ್ರಣ ಪತ್ರವೇ ವೀಸಾ ಕೊಡಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಅಧಿಕಾರಿ ನೋಡುವುದು ಅರ್ಜಿದಾರರು ಊರಿಗೆ ಮರಳುತ್ತಾರೆಯೇ ಎಂಬುದನ್ನು. ಅಲ್ಲಿನ ವಲಸೆ ಕಾನೂನಿನ 214(ಬಿ) ವಿಧಿಯಡಿ ಇದನ್ನು ಮನವರಿಕೆ ಮಾಡುವ ಹೊಣೆ ಅರ್ಜಿದಾರರದ್ದೇ. ‘ಮಗಳು ಎಂಬಿಎ ಮುಗಿಸುತ್ತಿದ್ದಾಳೆ, ಇಂಥ ದಿನ ಘಟಿಕೋತ್ಸವ, ಇಷ್ಟು ವಾರ ಇದ್ದು ಬರುತ್ತೇವೆ, ಇಲ್ಲಿ ಅಡಿಕೆ ತೋಟ ಇದೆ, ಅಂಗಡಿ ಇದೆ’ ಎಂದು ಅಪ್ಪ ತಮ್ಮ ಮಾತಿನಲ್ಲಿ ನೇರವಾಗಿ ಹೇಳುವುದಕ್ಕೆ ಸಮನಾದ ಕಾಗದ ಇಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರಿಗೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ತಿಳಿದಿಲ್ಲ) ಎಂದು ಬರುತ್ತದೆ. ಅದು ತಪ್ಪಲ್ಲ, ಅಲ್ಲಿನ ಪದ್ಧತಿ. ವಿಮಾನದ ಟಿಕೆಟಿನಲ್ಲಿ ಹೆಸರನ್ನು ಹೇಗೆ ಹಾಕಬೇಕೆಂದು ಮಾತ್ರ ವಿಮಾನ ಸಂಸ್ಥೆಯನ್ನು ಕೇಳಿಯೇ ಬುಕ್ ಮಾಡಿ.

ಹೋಟೆಲನ್ನಂತೂ ವೀಸಾ ಬರುವ ಮೊದಲೇ ಹಿಡಿದಿಡಬೇಕು. ಇಥಾಕ, ಹ್ಯಾನೋವರ್, ಬ್ಲೂಮಿಂಗ್ಟನ್, ಆ್ಯನ್ ಆರ್ಬರ್‌ನಂಥ ಊರುಗಳು ವಿಶ್ವವಿದ್ಯಾಲಯದಿಂದಲೇ ಬದುಕುವ ಸಣ್ಣ ಊರುಗಳು. ಘಟಿಕೋತ್ಸವದ ವಾರ ಅಲ್ಲಿ ಕೋಣೆಗಳು ಬಹಳ ಮೊದಲೇ ತುಂಬಿ, ಎರಡು ಮೂರು ರಾತ್ರಿಗೆ ಕಡಿಮೆ ಕೊಡುವುದೇ ಇಲ್ಲ ಎನ್ನುತ್ತಾರೆ. ರದ್ದು ಮಾಡಿದರೆ ಹಣ ಮರಳುವ ಬುಕಿಂಗ್ ಮಾಡಿ, ಆಮೇಲೆ ಯೋಚಿಸಿ.

ಈಗ ಹೆಸರಿನ ಮಾತು. ಇದಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಯಾಕೆಂದರೆ ಅಪ್ಪ ಅಮ್ಮ ಸಾವಿರಾರು ಮೈಲಿ ದಾಟಿ ಬಂದು ಕಿವಿಯಾನಿಸಿ ಕಾಯುವುದು ಆ ಒಂದು ಕ್ಷಣಕ್ಕೆ. ಹೆಸರು ಓದುವವರು ಸಾಮಾನ್ಯವಾಗಿ ಸ್ಕೂಲಿನ ಪ್ರಾಧ್ಯಾಪಕರು ಅಥವಾ ಬಾಡಿಗೆಗೆ ಬಂದ ವೃತ್ತಿಪರ ಓದುಗರು. ಅವರು ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತದ ಮೇಲೇ ಊಹಿಸುತ್ತಾರೆ. ಭಟ್ ‘ಬ್ಯಾಟ್’ ಆಗುತ್ತದೆ, ಗೌಡ ‘ಗೋಡಾ’ ಆಗುತ್ತದೆ, ರಾವ್ ‘ರೇಯೋ’ ಆಗುತ್ತದೆ. ಕವಿತಾ, ದೀಪ್ತಿ ಮುಂತಾದ ಹೆಸರುಗಳಲ್ಲಿ ನಾವು ‘ತ’ಕ್ಕೆ ಟಿ, ಎಚ್ ಎರಡೂ ಬರೆಯುತ್ತೇವೆ, ಅವರು ಅದನ್ನು ‘ಥಿಂಕ್’ ಎನ್ನುವಾಗಿನ ಹಾಗೆ ನಾಲಿಗೆ ಹಲ್ಲಿನ ನಡುವೆ ಚಾಚಿ ಹೇಳುತ್ತಾರೆ. ಹ್ರಸ್ವ ದೀರ್ಘಗಳಂತೂ ಅದಲುಬದಲು: ಸುಧಾ ‘ಸೂಡಾ’, ಮಹೇಶ ‘ಮಾಹೀಶ್’.

ಸಮಾರಂಭಕ್ಕೆ ಕೆಲವು ವಾರ ಮೊದಲು ಹೆಸರನ್ನು ದನಿಯಲ್ಲಿ ರೆಕಾರ್ಡ್ ಮಾಡಿ ಕೊಡಲು, ಇಲ್ಲವೇ ಉಚ್ಚಾರಣೆಯನ್ನು ಬರೆದುಕೊಡಲು ಸ್ಕೂಲು ಕೇಳುತ್ತದೆ. ಬಹುತೇಕರು ಇದನ್ನು ಬಸ್ಸಿನಲ್ಲಿ ನಿಂತು ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ. ಹಾಗೆ ಮಾಡಬೇಡಿ. ಸದ್ದಿಲ್ಲದ ಕೋಣೆಯಲ್ಲಿ, ಮೊದಲು ಬಿಡಿಸಿ ನಿಧಾನವಾಗಿ, ಮತ್ತೆ ಸಹಜ ವೇಗದಲ್ಲಿ ಹೇಳಿ, ತಿರುಗಿ ಕೇಳಿ ನೋಡಿ. ಇಲ್ಲಿ ಹಲವರು ಮಾಡುವ ಒಂದು ಕೆಲಸವಿದೆ: ತರಗತಿಯ ಗೆಳೆಯರಿಗೆ ಸುಲಭವಾಗಲೆಂದು ಎರಡು ವರ್ಷ ರೂಢಿಸಿಕೊಂಡ ಅಮೆರಿಕನ್ ಉಚ್ಚಾರವನ್ನೇ ರೆಕಾರ್ಡ್ ಮಾಡಿಬಿಡುವುದು. ಅಮ್ಮ ನಿಮ್ಮನ್ನು ಹೇಗೆ ಕರೆಯುತ್ತಾರೋ ಹಾಗೆಯೇ ಹೇಳಿ. ಬರೆದುಕೊಡಬೇಕಾದಲ್ಲಿ ಭಾಷಾಶಾಸ್ತ್ರದ ಚಿಹ್ನೆಗಳನ್ನು ಬಳಸಬೇಡಿ, ಓದುಗರಿಗೆ ಅವು ತಿಳಿಯುವುದು ಅಪರೂಪ. ಅವರಿಗೆ ಗೊತ್ತಿರುವ ಇಂಗ್ಲಿಷ್ ಪದದ ಪ್ರಾಸ ಕೊಡಿ: ಭಟ್ ಎಂಬುದು ‘ಹಟ್’ ಎಂಬುದರ ಪ್ರಾಸ, ಗೌಡದ ಮೊದಲ ಅಕ್ಷರ ‘ಕೌ’ ಎಂಬುದರ ಪ್ರಾಸ. ಒತ್ತು ಕೊಡಬೇಕಾದ ಭಾಗವನ್ನು ದೊಡ್ಡಕ್ಷರದಲ್ಲಿ ಬರೆಯಿರಿ. ಳ, ಣ ಅವರ ಬಾಯಿಗೆ ಬರುವುದಿಲ್ಲ. ಲ, ನ ಎಂದೇ ಬಿಟ್ಟುಕೊಟ್ಟು ಸ್ವರಗಳನ್ನು ಸರಿಪಡಿಸಲು ಪ್ರಯತ್ನಿಸಿ. ಸ್ವರ ಸರಿಯಾದರೆ ಹೆಸರು ಗುರುತು ಸಿಗುತ್ತದೆ.

ಇನಿಷಿಯಲ್ ಇರುವ ಹೆಸರುಗಳಿಗೆ ಬೇರೆಯದೇ ತೊಡಕು. ಊರಿನ ಹೆಸರು, ತಂದೆಯ ಹೆಸರು ಬಿಡಿಸಿ ಪಾಸ್‌ಪೋರ್ಟ್ ಮಾಡಿಸಿದವರ ದಾಖಲೆಯಲ್ಲಿ ನಿಜವಾದ ಹೆಸರು ಮೊದಲೋ ನಡುವೆಯೋ ಕೊನೆಗೋ ಎಲ್ಲಾದರೂ ಇರಬಹುದು. ಪೂರ್ತಿ ಓದಿದರೆ ಉದ್ದವಾಗುತ್ತದೆಂದು ಮೊದಲಿನದು ಮತ್ತು ಕೊನೆಯದನ್ನು ಮಾತ್ರ ಓದುವ ಸ್ಕೂಲುಗಳಲ್ಲಿ ನಡುವೆ ಸಿಕ್ಕಿಕೊಂಡ ನಿಮ್ಮ ಹೆಸರೇ ಬಿಟ್ಟುಹೋಗಿ, ಊರು ಮತ್ತು ಅಪ್ಪನ ಹೆಸರು ವೇದಿಕೆ ಹತ್ತುತ್ತವೆ. ಓದಿಸುವ ಹೆಸರು, ಪುಸ್ತಿಕೆಯ ಹೆಸರು, ಪದವಿಪತ್ರದ ಹೆಸರು ಈ ಮೂರೂ ಸಾಮಾನ್ಯವಾಗಿ ಬೇರೆ ಬೇರೆ ಜಾಗದಲ್ಲಿ ದಾಖಲಾಗಿರುತ್ತವೆ. ಮೂರನ್ನೂ ತೆರೆದು ನೋಡಿ. ಓದಿಸುವುದು ಹೇಗಾದರೂ ಇರಲಿ, ಪದವಿಪತ್ರದ ಹೆಸರು ಮಾತ್ರ ಪಾಸ್‌ಪೋರ್ಟಿನಂತೆಯೇ ಇರಲಿ. ಮುಂದೆ ಭಾರತದಲ್ಲಿ ಎಲ್ಲೇ ತೋರಿಸಿದರೂ ಹತ್ತನೇ ತರಗತಿ ಅಂಕಪಟ್ಟಿಗೆ ತಾಳೆಯಾಗುತ್ತದೆಯೇ ಎಂದು ಕೇಳುತ್ತಾರೆ.

ಗೌನಿನ ವಿಷಯಕ್ಕೆ ಬರೋಣ. ಅಮೆರಿಕದ ಪದವಿ ಉಡುಪಿಗೆ 1895ರಲ್ಲಿ ರೂಪಿಸಿದ ಒಂದು ಸಂಹಿತೆ ಇದೆ. ಕಡ್ಡಾಯವಲ್ಲ, ಆದರೂ ಹೆಚ್ಚಿನವರು ಅದನ್ನೇ ಪಾಲಿಸುತ್ತಾರೆ. ಸ್ನಾತಕೋತ್ತರ ಗೌನಿನ ತೋಳು ವಿಚಿತ್ರವಾಗಿದೆ: ಕೈ ಹೊರಬರುವ ಸೀಳು ಮಣಿಕಟ್ಟಿನ ಹತ್ತಿರ, ಅದರ ಕೆಳಗೆ ಬಟ್ಟೆಯ ಮುಚ್ಚಿದ ಚೀಲ ನೇತಾಡುತ್ತದೆ. ಗೌನಿಗೆ ಜೇಬಿಲ್ಲದ ಕಾರಣ ಅದರಲ್ಲಿ ಫೋನ್ ಹಾಕಿಕೊಳ್ಳುವವರು ಬಹಳ. ಕೈ ಕುಲುಕುವಾಗ ಅದು ತೂಗಿ ಡೀನರಿಗೆ ಬಡಿಯುತ್ತದೆ. ಫೋನನ್ನು ಒಳಗಿನ ಪ್ಯಾಂಟಿನ ಜೇಬಿಗೇ ಹಾಕಿ. ಹೆಗಲ ಮೇಲಿಂದ ಬೆನ್ನಿಗೆ ಇಳಿಬೀಳುವ ಹುಡ್ ಸ್ನಾತಕೋತ್ತರ ಪದವಿಗೆ ಮೂರೂವರೆ ಅಡಿ ಉದ್ದ, ಅಂಚಿನ ಮಖಮಲ್ಲು ಮೂರು ಇಂಚು ಅಗಲ. ಮಖಮಲ್ಲಿನ ಬಣ್ಣ ಪದವಿಯ ವಿಷಯವನ್ನು ಹೇಳುತ್ತದೆ, ಒಳಪದರದ ಬಣ್ಣ ವಿಶ್ವವಿದ್ಯಾಲಯವನ್ನು. ಎಂಬಿಎಗೆ ಮಂಕಾದ ತಿಳಿಗಂದು. ಅರ್ಥಶಾಸ್ತ್ರಕ್ಕೆ ತಾಮ್ರದ ಬಣ್ಣ, ಎಂಜಿನಿಯರಿಂಗಿಗೆ ಕಿತ್ತಳೆ, ಕಾನೂನಿಗೆ ನೇರಳೆ. ಎಂಬಿಎ ಜೊತೆ ಇನ್ನೊಂದು ಪದವಿಯನ್ನೂ ಮಾಡುವವರು ಯಾವ ಹುಡ್ ತರಿಸಬೇಕೆಂದು ಸ್ಕೂಲಿನಿಂದ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಹುಡ್ ತೊಡುವುದರಲ್ಲಿ ಎಡವುವವರೇ ಹೆಚ್ಚು. ತಲೆಯ ಮೇಲಿಂದ ಹಾಕಿಕೊಂಡಾಗ ಮಖಮಲ್ಲು ಹೊರಗೆ ಕಾಣಬೇಕು. ಆಮೇಲೆ ಬೆನ್ನ ಹಿಂದೆ ಯಾರಾದರೂ ಅಂಚನ್ನು ಮಗುಚಿ ಒಳಪದರದ ಬಣ್ಣ ಕಾಣುವಂತೆ ಬಿಡಿಸಬೇಕು. ಇದನ್ನು ತಾನೇ ಮಾಡಿಕೊಳ್ಳಲು ಆಗುವುದಿಲ್ಲ. ಕತ್ತಿನ ಮುಂದೆ ಒಂದು ಪುಟ್ಟ ದಾರದ ಕುಣಿಕೆ ಇರುತ್ತದೆ. ಅದು ಶರ್ಟಿನ ಗುಂಡಿಗೆ ಸಿಕ್ಕಿಸಲು. ಸೀರೆ, ಚೂಡಿದಾರ್, ಕುರ್ತಾ ಹಾಕಿದವರಿಗೆ ಆ ಗುಂಡಿ ಇರುವುದಿಲ್ಲ. ಕುಣಿಕೆಯನ್ನು ಸಿಕ್ಕಿಸದೆ ಬಿಟ್ಟರೆ ಹಿಂದಿನ ಭಾರಕ್ಕೆ ಹುಡ್ ಜಾರಿ ಗಂಟಲನ್ನು ಒತ್ತುತ್ತದೆ, ಫೋಟೋಗಳಲ್ಲೆಲ್ಲ ಒಂದು ಕೈ ಕತ್ತಿನ ಮೇಲೇ ಇರುತ್ತದೆ. ಸೀರೆ ಪಿನ್ನು ನಾಲ್ಕೈದು ಇಟ್ಟುಕೊಂಡು ಕುಣಿಕೆಯನ್ನು ಗೌನಿನ ಒಳಬದಿಗೆ, ಹೆಗಲ ಎರಡೂ ಕಡೆಗೆ ಒಂದೊಂದು ಹಾಕಿ. ಗೌನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಬರುವುದರಿಂದ ಗೆರೆ ಬಿದ್ದಿರುತ್ತದೆ. ಬಟ್ಟೆ ಪಾಲಿಯೆಸ್ಟರ್, ಬಿಸಿ ಇಸ್ತ್ರಿ ಇಟ್ಟರೆ ಸುಟ್ಟುಕೊಳ್ಳುತ್ತದೆ. ಹಿಂದಿನ ರಾತ್ರಿ ಸ್ನಾನದ ಮನೆಯ ಬಿಸಿ ಹಬೆಯಲ್ಲಿ ತೂಗುಹಾಕಿದರೆ ಸಾಕು. ಟೋಪಿಯ ಹಲಗೆ ನೆಲಕ್ಕೆ ಸಮನಾಗಿ, ಮೂಲೆಯೊಂದು ಹಣೆಯ ನೇರಕ್ಕೆ ಇರಬೇಕು, ಜಡೆ ಕಟ್ಟಿದವರಿಗೆ ಹೇರ್‌ಪಿನ್ ಬೇಕೇ ಬೇಕು. ಗೊಂಡೆಯನ್ನು ಬಲದಿಂದ ಎಡಕ್ಕೆ ಸರಿಸುವುದು ಮುಖ್ಯವಾಗಿ ಮೊದಲ ಪದವಿಯವರ ಪದ್ಧತಿ. ಸ್ನಾತಕೋತ್ತರರಿಗೆ ಒಂದೇ ನಿಯಮವಿಲ್ಲ, ಸ್ಕೂಲು ಹೇಳಿದಂತೆ ಮಾಡಿ.

ವೇದಿಕೆಯ ಮೇಲೆ ಬಲಗೈ ಕುಲುಕುವುದಕ್ಕೆ, ಎಡಗೈ ಫೋಲ್ಡರ್ ತೆಗೆದುಕೊಳ್ಳುವುದಕ್ಕೆ. ಎಡಗೈಯಲ್ಲಿ ಏನನ್ನೂ ಪಡೆಯಬಾರದೆಂದು ಬೆಳೆದ ನಮ್ಮ ಮಕ್ಕಳ ಬಲಗೈ ತಾನಾಗಿ ಫೋಲ್ಡರಿನ ಕಡೆಗೆ ಹೋಗುತ್ತದೆ, ಡೀನರ ಚಾಚಿದ ಕೈ ಗಾಳಿಯಲ್ಲಿ ಉಳಿಯುತ್ತದೆ, ಛಾಯಾಗ್ರಾಹಕ ಕ್ಲಿಕ್ಕಿಸುವುದು ಸರಿಯಾಗಿ ಆ ಕ್ಷಣವನ್ನು. ಮನೆಯಲ್ಲಿ ಒಂದು ಪುಸ್ತಕ ಹಿಡಿದು ಕೆಲವು ಸಲ ಅಭ್ಯಾಸ ಮಾಡಿ. ಕೂಗುವುದಕ್ಕೆ ಹೆಸರಿನ ಚೀಟಿ ಕೊಟ್ಟಿದ್ದರೆ ಅದು ನಿಮ್ಮ ಕೈಯಲ್ಲೇ ಇರಲಿ. ಪಟ್ಟಿ ನೋಡಿ ಓದುವ ಕಡೆಗಳಲ್ಲಿ ಸಾಲು ಬಿಟ್ಟು ಹೋಗಿ ಬೇರೆ ಜಾಗದಲ್ಲಿ ಸೇರಿಕೊಂಡರೆ ಹಿಂದೆ ಮುಂದೆ ಇರುವವರ ಹೆಸರುಗಳೂ ತಪ್ಪುತ್ತವೆ.

ಬಂದವರಿಗೆ ಎಷ್ಟು ಹೊತ್ತು ಕೂರಬೇಕೆಂದು ಅಂದಾಜು ಹೇಳಿಡಿ. ಒಬ್ಬರಿಗೆ ಏಳು ಸೆಕೆಂಡು ಎಂದರೂ 400 ಮಂದಿಗೆ ಮುಕ್ಕಾಲು ಗಂಟೆ ದಾಟುತ್ತದೆ. 900 ಮಂದಿಗೆ ಒಂದೂಮುಕ್ಕಾಲು ಗಂಟೆ. ಭಾಷಣ, ಮೆರವಣಿಗೆ ಅದರ ಮೇಲೆ. ಆಸನಕ್ಕೆ ಗುರುತಿಲ್ಲದಿದ್ದರೆ ಬಾಗಿಲು ತೆರೆಯುವ ಹೊತ್ತಿಗೇ ಅವರು ಅಲ್ಲಿರಬೇಕು. ಮೆರವಣಿಗೆ ಶುರುವಾದ ಮೇಲೆ ಬಂದವರನ್ನು ಅದು ಮುಗಿಯುವವರೆಗೆ ಹೊರಗೇ ನಿಲ್ಲಿಸುತ್ತಾರೆ. ಒಳಾಂಗಣವಾದರೆ ಒಬ್ಬ ವಿದ್ಯಾರ್ಥಿಗೆ ಇಂತಿಷ್ಟೇ ಟಿಕೆಟ್ ಎಂದಿರುತ್ತದೆ, ಕೈಗೂಸಿಗೂ ಟಿಕೆಟ್ ಕೇಳುವ ಸ್ಕೂಲುಗಳಿವೆ. ಬಯಲಿನಲ್ಲಿ ಮಿತಿಯಿಲ್ಲ ಎಂದಿದ್ದರೂ ನಿಯಮವನ್ನು ಪೂರ್ತಿ ಓದಿ: ಗುಡುಗು ಸಿಡಿಲಿದ್ದರೆ ಒಳಗೆ ವರ್ಗಾಯಿಸುತ್ತಾರೆ, ಆಗ ಒಬ್ಬರಿಗೆ ಕೆಲವೇ ಟಿಕೆಟ್. ಆ ಕೆಲವು ಯಾರಿಗೆ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಂಡರೆ ಬಾಗಿಲಲ್ಲಿ ಯಾರ ಮನಸ್ಸೂ ನೋಯುವುದಿಲ್ಲ. ಮಂಡಿನೋವಿನವರಿಗೆ ಗಾಲಿಕುರ್ಚಿ, ಮೆಟ್ಟಿಲಿಲ್ಲದ ಜಾಗ ಸಿಗುತ್ತದೆ. ಮುಂಚಿತವಾಗಿ ಅರ್ಜಿ ತುಂಬಬೇಕು, ಜೊತೆಗೆ ಕೂರಲು ಸಾಮಾನ್ಯವಾಗಿ ಒಬ್ಬರಿಗಷ್ಟೇ ಅವಕಾಶ.

ಸ್ಟೇಡಿಯಮ್ಮುಗಳಲ್ಲಿ ಒಳಗಿರುವುದು ಕಾಣುವ ಪಾರದರ್ಶಕ ಚೀಲಕ್ಕೆ ಮಾತ್ರ ಪ್ರವೇಶ, ಸಾಮಾನ್ಯ ಅಳತೆ 12 ಇಂಚು, 6 ಇಂಚು, 12 ಇಂಚು. ಅಮ್ಮನ ವ್ಯಾನಿಟಿ ಬ್ಯಾಗನ್ನು ಗೇಟಿನಲ್ಲಿ ತಿರುಗಿಸಿ ಕಳಿಸುತ್ತಾರೆ. ಸ್ಟೀಲ್ ನೀರಿನ ಬಾಟಲಿ, ಮನೆಯ ಚಪಾತಿ ಡಬ್ಬಿ ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ. ಸಕ್ಕರೆ ಕಾಯಿಲೆಯವರ ಮಾತ್ರೆ, ಇನ್ಸುಲಿನ್, ಜೊತೆಗೊಂದು ತಿಂಡಿ ತಡೆಯುವುದಿಲ್ಲ. ಔಷಧ ಮೂಲ ಪೊಟ್ಟಣದಲ್ಲೇ ಇರಲಿ, ಗೇಟಿನಲ್ಲಿ ಮೊದಲೇ ಹೇಳಿ. ಮೇ ತಿಂಗಳೆಂದರೆ ಬೇಸಿಗೆ ಎಂಬ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಉತ್ತರದ ಊರುಗಳಲ್ಲಿ ಬೆಳಗ್ಗೆ ಹತ್ತು ಡಿಗ್ರಿಗೆ ಇಳಿಯುವುದುಂಟು. ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಚೆನ್ನಾಗಿ ಕಾಣುವುದಿಲ್ಲ ಎಂದು ನಡುಗುತ್ತಾ ಕೂರುವುದಕ್ಕಿಂತ ಒಂದು ಪಶ್ಮಿನಾ ಶಾಲು ತಂದರೆ ಎರಡೂ ಆಯಿತು. ಹುಲ್ಲುಹಾಸಿನಲ್ಲಿ ಹಿಮ್ಮಡಿ ಎತ್ತರದ ಚಪ್ಪಲಿ ಹೂತುಹೋಗುತ್ತದೆ.

ಊರಿನಿಂದ ಮೈಸೂರು ಪೇಟ, ಶಾಲು ತಂದು ಮಕ್ಕಳನ್ನು ಸನ್ಮಾನಿಸುವುದು ಈಗ ಕಂಡುಬರುತ್ತಿದೆ, ನನಗೆ ತುಂಬ ಇಷ್ಟವಾದ ರೂಢಿ. ಹೊಲಿದು ಸಿದ್ಧವಾದ ಪೇಟದ ಒಳಗೆ ಬಟ್ಟೆ ತುರುಕಿ, ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಕೈಸಾಮಾನಿನೊಂದಿಗೆ ತನ್ನಿ. ತಲೆಯ ಸುತ್ತಳತೆಯನ್ನು ಮಕ್ಕಳಿಂದ ಮೊದಲೇ ತರಿಸಿಕೊಳ್ಳಿ. ಇದನ್ನು ತೊಡಿಸುವುದು ಸಮಾರಂಭ ಮುಗಿದ ಮೇಲೆ, ಹೊರಗೆ. ವೇದಿಕೆಗೆ ಅರಿಶಿನ ಕುಂಕುಮ ಬಣ್ಣದ ಪಟ್ಟಿ ಹಾಕಿಕೊಳ್ಳಬಹುದೇ ಎಂಬುದು ಆಯಾ ಸ್ಕೂಲಿನ ನಿಯಮ, ಕೇಳಿಕೊಳ್ಳಿ. ಹೂವಿನ ಹಾರವನ್ನು ಅಲ್ಲೇ ಕೊಳ್ಳಿ. ತಾಜಾ ಹಣ್ಣು ತರಲೇಬೇಡಿ. ಉಪ್ಪಿನಕಾಯಿ, ಚಟ್ನಿಪುಡಿ ಏನೇ ತಿನಿಸಿದ್ದರೂ ಕಸ್ಟಮ್ಸಿನಲ್ಲಿ ಇದೆ ಎಂದು ಹೇಳಬೇಕು. ಹೇಳದೆ ಸಿಕ್ಕಿಬಿದ್ದರೆ ದಂಡ. ಪುಡಿಗಳು 350 ಮಿ.ಲೀ. ಅಳತೆ ಮೀರಿದರೆ ಕೈಚೀಲದಲ್ಲಿ ತಪಾಸಣೆಗೆ ಸಿಕ್ಕಿಕೊಳ್ಳುತ್ತವೆ, ದೊಡ್ಡ ಪೆಟ್ಟಿಗೆಗೆ ಹಾಕಿ.

ಬರಲಾಗದ ಅಜ್ಜಿ ತಾತನಿಗೆ ಲೈವ್ ಲಿಂಕ್ ಕಳಿಸುವಾಗ ಅಲ್ಲಿಯ ಸಮಯ ಬರೆಯಬೇಡಿ, ನಮ್ಮದನ್ನೇ ಬರೆಯಿರಿ. ಬೇಸಿಗೆಯ ಲೆಕ್ಕದಲ್ಲಿ ಪೂರ್ವ ಕರಾವಳಿಗೆ ಒಂಬತ್ತೂವರೆ ಗಂಟೆ, ಶಿಕಾಗೊ ಟೆಕ್ಸಸ್ ಕಡೆಗೆ ಹತ್ತೂವರೆ, ಕ್ಯಾಲಿಫೋರ್ನಿಯಾಕ್ಕೆ ಹನ್ನೆರಡೂವರೆ ಗಂಟೆ ಸೇರಿಸಿ. ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನದ ಸಮಾರಂಭವಾದರೆ ನಮ್ಮಲ್ಲಿ ತಾರೀಖು ಬದಲಾಗಿರುತ್ತದೆ, ಅದನ್ನೂ ಸೇರಿಸಿ ಬರೆಯಿರಿ.

ಅಪ್ಪ ಅಮ್ಮನ ಜೊತೆ ಊರಿಗೆ ಹೋಗಿಬರುವ ಯೋಚನೆ ಇದ್ದವರು ಒಪಿಟಿಯ, ಅಂದರೆ ಓದು ಮುಗಿದ ಮೇಲೆ ಅಲ್ಲಿ ಸ್ವಲ್ಪ ಕಾಲ ಕೆಲಸ ಮಾಡಲು ಸಿಗುವ ಅನುಮತಿಯ, ದಿನಾಂಕಗಳನ್ನು ನೋಡಿಕೊಳ್ಳಬೇಕು. ಆ ಅರ್ಜಿಯ ಅವಧಿ ಲೆಕ್ಕವಾಗುವುದು ವಿದ್ಯಾರ್ಥಿ ವೀಸಾಕ್ಕಾಗಿ ಸ್ಕೂಲು ಕೊಟ್ಟ ಐ-20 ಪತ್ರದಲ್ಲಿರುವ ಓದು ಮುಗಿಯುವ ದಿನಾಂಕದಿಂದ: ಅದಕ್ಕೆ 90 ದಿನ ಮೊದಲಿಂದ 60 ದಿನ ನಂತರದವರೆಗೆ. ಘಟಿಕೋತ್ಸವದ ದಿನಕ್ಕೂ ಇದಕ್ಕೂ ಸಂಬಂಧವಿಲ್ಲ. ಅರ್ಜಿ ಬಾಕಿ ಇರುವಾಗ ದೇಶ ಬಿಡುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಕೇಳಿ.

ಪದವಿಪತ್ರ ಅಂಚೆಯಲ್ಲಿ ಬರಲು ಹಲವು ವಾರ ಹಿಡಿಯುತ್ತದೆ. ಆ ಹೊತ್ತಿಗೆ ನೀವು ಬಾಡಿಗೆ ಮನೆ ಬಿಟ್ಟು ಕೆಲಸದ ಊರಿಗೆ ಹೋಗಿರುತ್ತೀರಿ, ಹಾಗಾಗಿ ಪೋರ್ಟಲ್ಲಿನಲ್ಲಿ ವಿಳಾಸ ಬದಲಿಸುವುದನ್ನು ಮನೆ ಖಾಲಿ ಮಾಡುವ ಕೆಲಸಗಳ ಪಟ್ಟಿಯಲ್ಲೇ ಸೇರಿಸಿ. ಭಾರತದಲ್ಲಿ ಬಳಸಬೇಕಾದರೆ ಅಪೋಸ್ಟಿಲ್, ಅಂದರೆ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಲು ಬೇಕಾದ ಅಧಿಕೃತ ದೃಢೀಕರಣ, ಕೇಳಬಹುದು. ಭಾರತ 2005ರಿಂದ ಅದರ ಅಂತರರಾಷ್ಟ್ರೀಯ ಒಪ್ಪಂದದಲ್ಲಿದೆ. ಅಪೋಸ್ಟಿಲ್‌ಗೆ ರಿಜಿಸ್ಟ್ರಾರ್ ಕಚೇರಿಯಿಂದ ನೋಟರಿ ಮಾಡಿಸಿದ ಪ್ರತಿ ಪಡೆದು, ನೋಟರಿ ಇರುವ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಕಳಿಸಬೇಕು. ನ್ಯೂಯಾರ್ಕಿನಲ್ಲಿ ನಡುವೆ ಕೌಂಟಿ ಕ್ಲರ್ಕ್ ಕಚೇರಿಯ ಮುದ್ರೆಯೂ ಬೇಕು. ಅಮೆರಿಕದಲ್ಲಿರುವಾಗಲೇ ಮಾಡಿಸಿಟ್ಟುಕೊಂಡರೆ ಸುಲಭ. ಊರಿಗೆ ಬಂದ ಮೇಲೆ ಪ್ರತಿ ಹೆಜ್ಜೆಗೂ ಅಂಚೆ, ಕಾಯುವಿಕೆ, ಅಲ್ಲಿರುವ ಯಾರಾದರೊಬ್ಬರ ನೆರವು ಬೇಕಾಗುತ್ತದೆ.